ಮುಂದಿನ ಸಾಲಿನ ಕೆಂಪು ಕುರ್ಚಿಗಳು

ಮಿಯಾಪುರ, ಬುಧವಾರ

ನನ್ನ ಪಾಸ್‌ಪೋರ್ಟ್ ಮಾಡಿಸಿ ನಾಲ್ಕು ವರ್ಷವಾಗಿತ್ತು. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಎಲ್ಲಿಗೂ ಹೋಗುವ ಉದ್ದೇಶವಿಲ್ಲದೆ ಮಾಡಿಸಿದ್ದೆ, ಇರಲಿ ಎಂದು. ನಾನು ಶ್ರೀಶೈಲಕ್ಕೆ ಹೋಗಬೇಕಾದರೂ ಮೂರು ವಾರ ಮೊದಲು ಕೋಣೆ ನೋಡಿ, ಬಸ್ಸು ನೋಡಿ, ಔಷಧಿಗಳ ಪಟ್ಟಿ ಬರೆದುಕೊಳ್ಳುವವಳು. ಅಂಥವಳು ಬುಧವಾರ ಸಂಜೆ ಒಂದು ಫೋನ್ ಬಂದು ಗುರುವಾರ ರಾತ್ರಿ ವಿಮಾನದಲ್ಲಿ ಕೂತಿದ್ದೆ ಎಂದರೆ ನಮ್ಮ ಪ್ರಯೋಗಾಲಯದಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಮೆಟ್ರೊ ಇಳಿದು ಹೈದರಾಬಾದಿನ ಮಿಯಾಪುರ ನಿಲ್ದಾಣದ ಮೆಟ್ಟಿಲಲ್ಲಿದ್ದೆ. ಫೋನಿನ ಪರದೆಯ ಮೇಲೆ ಗೌರಿಯ ಹೆಸರು ಕಂಡಿತು. ಹಿಂದಿನವರು ನನ್ನನ್ನು ದೂಡಿಕೊಂಡು ಹೋದರು. ಆ ಹೆಸರು ಕಾಣದೆ ಹನ್ನೊಂದು ತಿಂಗಳಾಗಿತ್ತು.

“ಟಿಕೆಟ್ ಎರಡ ಅವ,” ಎಂದಳು. ಹಲೋ ಇಲ್ಲ, ಏನಿಲ್ಲ. “ಪಿನಾಂಗ್ ದ್ವೀಪದಾಗ ಶನಿವಾರ ಆಕಿ ಹಾಡಾಕತ್ತಾಳ. ಸ್ಮಿತಾ ಕಾಲು ಉಳುಕಿಸಿಕೊಂಡು ಕುಂತಾಳ. ನೀ ಬರ್ತೀಯೋ ಇಲ್ಲೋ, ಹತ್ತು ನಿಮಿಷದಾಗ ಹೇಳು.”

ಸ್ಮಿತಾ ಅವಳ ಅತ್ತೆಯ ಮಗಳು. ‘ಆಕಿ’ ಯಾರೆಂದು ಹೇಳಬೇಕಾಗಿರಲಿಲ್ಲ. ಎಂ.ಎಸ್ಸಿ. ಓದುವಾಗ ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ಸಿಟಿ ಬಸ್ಸಿನಲ್ಲಿ ನಾವಿಬ್ಬರೂ ಕೇಳುತ್ತಿದ್ದ ಮಲಯ ಭಾಷೆಯ ಗಾಯಕಿ. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಗೌರಿ ಪ್ರತಿ ಹಾಡಿಗೂ ತನಗೆ ತೋಚಿದ ಅರ್ಥ ಹೇಳುತ್ತಿದ್ದಳು. ಪರೀಕ್ಷೆಯ ಹತ್ತಿರ ಎಲ್ಲ ಹಾಡುಗಳೂ ಸಾವಯವ ರಸಾಯನಶಾಸ್ತ್ರದ ಬಗ್ಗೆಯೇ ಇರುತ್ತಿದ್ದವು.

ಗೌರಿಯವರದು ವಿಜಯಪುರದ ಕಡೆಯ ಮನೆತನ, ಅಬಿಡ್ಸ್‌ನಲ್ಲಿ ಬಟ್ಟೆ ಅಂಗಡಿ. ಮಣಿಕೊಂಡಕ್ಕೆ ಮನೆ ಬದಲಿಸುವವರೆಗೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ, ಎದುರಿನ ಬ್ಲಾಕಿನಲ್ಲಿದ್ದರು. ನಮ್ಮ ನಡುವೆ ಮಾತು ನಿಂತದ್ದಕ್ಕೆ ಕಾರಣ ನಾನು. ಹೋದ ವರ್ಷ ನನ್ನ ಅಪ್ಪನಿಗೆ ಎದೆ ತೆರೆದು ಹೃದಯದ ಶಸ್ತ್ರಚಿಕಿತ್ಸೆಯಾಯಿತು. ನಾನು ಯಾರಿಗೂ ಹೇಳಲಿಲ್ಲ. ಗೌರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ಅವಳು ಕಳಿಸಿದ ನಗೆಯ ವಿಡಿಯೊಗಳಿಗೆ ಆಸ್ಪತ್ರೆಯಿಂದಲೇ ನಗುವ ಮುಖದ ಚಿಹ್ನೆ ಕಳಿಸಿದ್ದೆ. ತಿಂಗಳಾದ ಮೇಲೆ ಅವಳ ಅವ್ವ ಖಣ ಕೊಡಲು ಮಣಿಕೊಂಡದಿಂದ ನಮ್ಮ ಮನೆಗೆ ಬಂದವರು ಅಪ್ಪನ ಬನಿಯನ್ನಿನ ಮೇಲೆ ಇಣುಕುತ್ತಿದ್ದ ಹೊಲಿಗೆಯ ಗೆರೆ ನೋಡಿದರು. ಆ ರಾತ್ರಿ ಗೌರಿಯಿಂದ ಒಂದೇ ಸಾಲು ಬಂತು: ನಾ ಹೊರಗಿನಾಕಿ ಅಂತ ನನಗ ಗೊತ್ತಿರಲಿಲ್ಲ.

ಅದಕ್ಕೆ ಏನು ಉತ್ತರ ಬರೆಯಬೇಕೆಂದು ಹನ್ನೊಂದು ತಿಂಗಳು ಯೋಚಿಸಿದ್ದೆ. ಈಗ ಅವಳು ಹತ್ತು ನಿಮಿಷ ಕೊಟ್ಟಿದ್ದಳು. ಮೂರನೆಯ ನಿಮಿಷಕ್ಕೆ ಬರುತ್ತೇನೆ ಎಂದೆ.

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ: “ಗೌರಿ ಸಂಗಡ?” ಹೌದೆಂದಾಗ ಅಟ್ಟದ ಮೇಲಿಂದ ಸಣ್ಣ ಸೂಟ್‌ಕೇಸ್ ಇಳಿಸಿದಳು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಅಪ್ಪ, ದ್ವೀಪ ಎಂದರೆ ಸುತ್ತಲೂ ನೀರು, ನಿನಗೆ ಈಜು ಬರುವುದಿಲ್ಲ ಎಂದು ತಾಂತ್ರಿಕ ಆಕ್ಷೇಪಣೆ ಎತ್ತಿದರು. ಅದನ್ನು ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಕೌಲಾಲಂಪುರದಿಂದ ಬಟರ್‌ವರ್ತ್

ವಿಮಾನ ನಮ್ಮನ್ನು ಇಳಿಸಿದ್ದು ಕೌಲಾಲಂಪುರದಲ್ಲಿ. ನನ್ನ ಪಾಸ್‌ಪೋರ್ಟಿಗೆ ಮೊದಲ ಮುದ್ರೆ ಬಿತ್ತು. ಅಧಿಕಾರಿಣಿ ಅದನ್ನು ಸ್ವಲ್ಪ ಓರೆಯಾಗಿ ಒತ್ತಿದಳು. ಇನ್ನೊಮ್ಮೆ ನೇರವಾಗಿ ಒತ್ತುತ್ತೀರಾ ಎಂದು ಕೇಳುವಷ್ಟರಲ್ಲಿ ಗೌರಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಮೊದಲ ಅಡಚಣೆ ಗೌರಿಯ ಅವ್ವ ಕಟ್ಟಿಕೊಟ್ಟ ಖಾರದ ಚಟ್ನಿಪುಡಿ, ಶೇಂಗಾ ಹಿಂಡಿ. ಎರಡು ದಿನದ ಪ್ರವಾಸಕ್ಕೆ ಅರ್ಧ ಕಿಲೊ. ಸುಂಕದ ಅಧಿಕಾರಿ ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದ. ಆ ಕೆಂಪು ಪುಡಿ ಏನೆಂದು ಕೇಳಿದ. ಶೇಂಗಾ ಎಂದಳು ಗೌರಿ. ಶೇಂಗಾ ಕೆಂಪಾಗಿರುವುದಿಲ್ಲವಲ್ಲ ಎಂದ. ರಸಾಯನಶಾಸ್ತ್ರ ಓದಿದವಳೆಂದು ನಾನು ಮುಂದೆ ಹೋಗಿ ಅದರ ಘಟಕಗಳನ್ನು ಪ್ರಮಾಣ ಸಮೇತ ಹೇಳಲು ಆರಂಭಿಸಿದೆ. ಅದರಿಂದ ಅವನ ಅನುಮಾನ ಹೆಚ್ಚಾಯಿತು. ಕೊನೆಗೆ ಗೌರಿ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಅವನ ಅಂಗೈಗೆ ಹಾಕಿದಳು. ಅವನು ತಿಂದ, ಕೆಮ್ಮಿದ, ಕಣ್ಣೊರೆಸಿಕೊಂಡ. ನಂತರ ಪಕ್ಕದ ಮೇಜಿನವನನ್ನು ಕರೆದು ಅವನಿಗೂ ಒಂದು ಚಿಟಿಕೆ ಕೊಡಿಸಿದ. ನಮ್ಮನ್ನು ಬಿಟ್ಟರು.

ರೈಲಿನಲ್ಲಿ ಎಷ್ಟು ಚಳಿ ಎಂದರೆ ಅಲ್ಲಿನವರೆಲ್ಲ ದಪ್ಪ ಜಾಕೆಟ್ ಹಾಕಿಕೊಂಡು ಬಂದಿದ್ದರು. ಹೊರಗೆ ಬೆವರು ಸುರಿಯುವ ಬಿಸಿಲು, ಒಳಗೆ ಹಿಮಾಲಯ. ಇದನ್ನು ಯಾರೂ ದೂರುವುದಿಲ್ಲ. ತಾಪಮಾನ ಏರಿಸಲು ಯಾರಾದರೂ ಹೇಳುತ್ತಾರೆಯೇ ಎಂದು ಕಾದೆ. ನಮ್ಮ ಕಡೆಯ ರೈಲಿನಲ್ಲಾದರೆ ಇಷ್ಟು ಹೊತ್ತಿಗೆ ಬೋಗಿಗೆಲ್ಲ ಪರಿಚಯವಾಗಿ, ಇಬ್ಬರು ಹಿರಿಯರು ಜಗಳವನ್ನು ತಮ್ಮ ಕೈಗೆ ತೆಗೆದುಕೊಂಡಿರುತ್ತಿದ್ದರು. ಇಲ್ಲಿ ನಾಲ್ಕು ತಾಸು ಎಲ್ಲರೂ ಮೌನವಾಗಿ ನಡುಗಿದರು.

ಗೌರಿ ಮಾತ್ರ ಮಾತಾಡುತ್ತಿದ್ದಳು. ಕಚೇರಿಯ ಜಗಳ, ಮಣಿಕೊಂಡದ ನೀರಿನ ಟ್ಯಾಂಕರು, ಅವಳಿಗೆ ನೋಡಿದ ಗಂಡು ತನ್ನ ನಾಯಿಯ ಫೋಟೊಗಳನ್ನಷ್ಟೇ ಕಳಿಸುತ್ತಿದ್ದುದು, ಎಲ್ಲ ಹೇಳಿದಳು. ನಾನು ನಗುತ್ತಿದ್ದೆ. ಆದರೆ ನಮ್ಮ ಮಂದಿ ಯಾರೇ ಎದುರಾದರೂ ಮೊದಲು ಕೇಳುವ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆಯೇ, ಅಪ್ಪ ಹೇಗಿದ್ದಾರೆ ಎಂದು ಅಪರಿಚಿತರೂ ಕೇಳುತ್ತಾರೆ. ಗೌರಿ ಕೇಳಲಿಲ್ಲ. ಮಾತು ನಮ್ಮ ಮನೆಯ ಹತ್ತಿರ ಬಂದಾಗಲೆಲ್ಲ ಬೇರೆ ಕಡೆ ತಿರುಗಿಸಿದಳು. ಟಿಕೆಟ್ ವ್ಯರ್ಥವಾಗಬಾರದೆಂದು ಕರೆದಿದ್ದಾಳೋ, ಮತ್ತೆ ಗೆಳತಿಯೆಂದು ಕರೆದಿದ್ದಾಳೋ ನನಗೆ ಗೊತ್ತಾಗಲಿಲ್ಲ. ಭಾನುವಾರ ಹೈದರಾಬಾದಿನಲ್ಲಿ ಇಳಿದು ಇಬ್ಬರೂ ಬೇರೆ ಬೇರೆ ಕ್ಯಾಬ್ ಹತ್ತಿದರೆ ಇನ್ನು ಮುಂದೆ ಫೋನ್ ಬರುವುದಿಲ್ಲ ಎಂಬುದು ಮಾತ್ರ ಸ್ಪಷ್ಟವಿತ್ತು. ಹೇಳಬೇಕಾದದ್ದನ್ನು ಹೇಳಲು ನನಗೆ ಆ ದ್ವೀಪದ ಎರಡು ದಿನಗಳಿದ್ದವು.

ಬಟರ್‌ವರ್ತ್‌ನಲ್ಲಿ ರೈಲಿಳಿದು ದೊಡ್ಡ ದೋಣಿ ಹತ್ತಿದೆವು. ನಮ್ಮ ಜೊತೆ ಹೆಲ್ಮೆಟ್ ತೆಗೆಯದ ಬೈಕಿನವರು, ಶಾಲೆಯ ಮಕ್ಕಳು, ಮೀನಿನ ಚೀಲದ ಹೆಂಗಸರು. ಅವರಿಗೆ ಅದು ಸಿಟಿ ಬಸ್ಸು. ಒಬ್ಬರೂ ಸಮುದ್ರ ನೋಡುತ್ತಿರಲಿಲ್ಲ. ನಾವು ಕಂಬಿ ಹಿಡಿದು ನಿಂತು ನೀರು, ಹಡಗು, ಎದುರಿನಿಂದ ದೊಡ್ಡದಾಗುತ್ತಿದ್ದ ಊರು ನೋಡಿ, ಕಾರಣವಿಲ್ಲದೆ ಇಬ್ಬರೂ ನಗಲಾರಂಭಿಸಿದೆವು. ಗೌರಿಯ ಕೂದಲು ನನ್ನ ಬಾಯಿಗೆ ಬಂತು. ಅವಳು ಆ ಗಾಯಕಿಯ ಒಂದು ಹಾಡನ್ನು ಗಟ್ಟಿಯಾಗಿ ಹಾಡಿದಳು. ಪಕ್ಕದ ಬೈಕಿನವನು ತಿರುಗಿ, ಆ ಪದ ಹಾಗಲ್ಲ ಎಂದು ತಿದ್ದಿದ. ಆರು ವರ್ಷದಿಂದ ನಾವು ತಪ್ಪಾಗಿ ಹಾಡುತ್ತಿದ್ದೆವು.

ಜಾರ್ಜ್‌ಟೌನ್, ಶುಕ್ರವಾರ ಸಂಜೆ

ದ್ವೀಪದ ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ‘ಬಾಸ್’ ಎನ್ನುತ್ತಾರೆ. ಚಹಾದ ಅಂಗಡಿಯ ತಮಿಳು ಮುಸಲ್ಮಾನ ನಮ್ಮನ್ನು ಬಾಸ್ ಎಂದ. ಗಿರಾಕಿಗಳು ಅವನನ್ನು ಬಾಸ್ ಎಂದರು. ನೆಲ ಒರೆಸುವವನು ಗಿರಾಕಿಗೆ, ಗಿರಾಕಿ ನೆಲ ಒರೆಸುವವನಿಗೆ ಬಾಸ್. ನಮ್ಮಲ್ಲಿ ಎಲ್ಲರೂ ‘ಭಾಯ್’ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ: ಹೈದರಾಬಾದಿನಲ್ಲಿ ಎಲ್ಲರೂ ಅಣ್ಣತಮ್ಮಂದಿರು, ಇಲ್ಲಿ ಎಲ್ಲರೂ ಯಜಮಾನರು. ಚಹಾವನ್ನು ಅವನು ಒಂದು ಲೋಟದಿಂದ ಇನ್ನೊಂದಕ್ಕೆ ಮೊಳ ಎತ್ತರದಿಂದ ಎಳೆದು ಸುರಿದ. ಗೌರಿ ಕುಡಿದು, ನಮ್ಮ ಇರಾನಿ ಚಹಾದ ಮುಂದೆ ಇದು ಏನೂ ಅಲ್ಲ ಎಂದಳು. ಹೇಳಿದ್ದು ಎರಡನೆಯ ಲೋಟ ಕುಡಿಯುತ್ತ.

ಅಲ್ಲಿಂದ ಹೊರಬಿದ್ದು ಎರಡು ಬೀದಿ ದಾಟಿದಾಗ ಬಣ್ಣದ ದೀಪಗಳು ಕಂಡವು. ರಸ್ತೆಯ ಅರ್ಧ ಮುಚ್ಚಿ ಒಂದು ವೇದಿಕೆ ಕಟ್ಟಿದ್ದರು. ಮಿನುಗುವ ಗೌನು ತೊಟ್ಟ ಹೆಂಗಸೊಬ್ಬಳು ಚೀನೀ ಭಾಷೆಯಲ್ಲಿ ಹಾಡುತ್ತಿದ್ದಳು; ರಾಗ ಮಾತ್ರ ಯಾವುದೋ ಹಳೆಯ ಹಿಂದಿ ಸಿನಿಮಾದ್ದು. ವೇದಿಕೆಗೆ ಎದುರಾಗಿ, ರಸ್ತೆಯ ಇನ್ನೊಂದು ತುದಿಯಲ್ಲಿ, ಕಣ್ಣು ಹೊರಬಿದ್ದ ಭಾರಿ ಕಾಗದದ ಮೂರ್ತಿ. ಪಕ್ಕದಲ್ಲಿ ಊದುಬತ್ತಿ, ಹಣ್ಣು, ಕೋಳಿ. ಗೌರಿಗೆ ಸಂಭ್ರಮ ತಡೆಯಲಾಗಲಿಲ್ಲ. ಥೇಟ್ ನಮ್ಮ ಗಣೇಶನ ಪೆಂಡಾಲು, ಆರ್ಕೆಸ್ಟ್ರಾ ಕೂಡ ಇದೆ ಎಂದಳು. ಮುಖ್ಯ ಕಾರ್ಯಕ್ರಮದ ಹಿಂದಿನ ದಿನವೇ ಇನ್ನೊಂದು ಪುಕ್ಕಟೆ ಸಿಕ್ಕಿತ್ತು.

ಕುರ್ಚಿಗಳು ತುಂಬಿದ್ದವು. ಹಿಂದೆಯೂ ಜನ ನಿಂತಿದ್ದರು. ಆದರೆ ಮೊದಲ ಸಾಲು ಪೂರ್ತಿ ಖಾಲಿ. ಹನ್ನೆರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಒಂದರಲ್ಲೂ ಒಬ್ಬರಿಲ್ಲ.

ನಮ್ಮ ಪೆಂಡಾಲಿನಲ್ಲಾದರೆ ಮುಂದೆ ಸೋಫಾ ಹಾಕಿರುತ್ತಾರೆ, ಅದು ಕಾರ್ಪೊರೇಟರಿಗೆ. ಇಲ್ಲಿ ಸೋಫಾ ಇರಲಿಲ್ಲ, ಹೆಸರಿನ ಚೀಟಿ ಇರಲಿಲ್ಲ, ಹಗ್ಗ ಕಟ್ಟಿರಲಿಲ್ಲ. ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ವರ್ಷಗಟ್ಟಲೆ ಸಿಟಿ ಬಸ್ಸಿನಲ್ಲಿ ಓಡಾಡಿದ ಹುಡುಗಿಯ ಕೈ ಖಾಲಿ ಕುರ್ಚಿ ಕಂಡರೆ ತಾನೇ ಕೆಲಸ ಮಾಡುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಜಾಗ ಹಿಡಿಯುವುದರಲ್ಲಿ ನಾನು ಪರಿಣತಳು. ಆ ವಿಷಯದಲ್ಲಿ ಮಾತ್ರ ನನಗೆ ಸಂಕೋಚವಿಲ್ಲ. ಜನರ ನಡುವೆ ನುಗ್ಗಿ, ಕೊರಳಿನ ದುಪಟ್ಟಾ ತೆಗೆದು, ಸಾಲಿನ ನಡುಮಧ್ಯದ ಎರಡು ಕುರ್ಚಿಗಳಿಗೆ ಅಡ್ಡವಾಗಿ ಬೀಸಿ ಹಾಕಿದೆ. ಗೌರಿ ಓಡಿ ಬಂದು ಕೂತಳು.

“ಇಲ್ಲಿ ಮಂದಿಗೆ ನಾಚಿಕಿ ಭಾಳ,” ಎಂದಳು. “ಮುಂದ ಕುಂಡ್ರಾಕ ಒಬ್ಬರಿಗೂ ಧೈರ್ಯ ಇಲ್ಲ ನೋಡು.”

ಎರಡು ಹಾಡು ಆರಾಮಾಗಿ ಕೇಳಿದೆವು. ನಾನು ಪಕ್ಕದ ಕುರ್ಚಿಯ ಮೇಲೆ ಚೀಲವನ್ನೂ ಇಟ್ಟೆ. ಗೌರಿ ಕಾಲು ಚಾಚಿದಳು. ಹಾಡುವವಳು ಮಾತ್ರ ನಮ್ಮ ಕಡೆ ನೋಡಿ ಒಂದು ಸಾಲು ಮರೆತ ಹಾಗಿತ್ತು. ಹಿಂದೆ ತಿರುಗಿದಾಗ ಇಡೀ ಬೀದಿ ನಮ್ಮನ್ನೇ ನೋಡುತ್ತಿರುವುದು ತಿಳಿಯಿತು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು: ಕನಿಕರ.

ಬಿಳಿ ಕೂದಲಿನ, ಹೂವಿನ ಅಂಗಿಯ ಒಬ್ಬ ಚೀನೀ ಮುದುಕಿ ಬಂದು ಬಾಗಿದಳು. ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವಷ್ಟು ಮೆತ್ತಗೆ, ಎದ್ದೇಳಿ ಎಂದಳು. ನನ್ನ ದುಪಟ್ಟಾವನ್ನು ಎರಡು ಬೆರಳಿನಲ್ಲಿ ಎತ್ತಿ, ಮಡಚಿ, ಕೈಗಿತ್ತಳು. ಆಮೇಲೆ ಖಾಲಿ ಕುರ್ಚಿಗಳಿಗೆ ತಲೆ ಬಾಗಿಸಿದಳು. ಇದು ಚೀನೀ ಪಂಚಾಂಗದ ಏಳನೆಯ ತಿಂಗಳು, ಸತ್ತವರು ಭೂಮಿಗೆ ಬಂದು ಹೋಗುವ ಕಾಲ. ಹಾಡು, ನಾಟಕ ಎಲ್ಲ ಅವರಿಗಾಗಿ. ಬದುಕಿದವರು ಹಿಂದೆ ಕೂತು ಕೇಳಬಹುದು. ಮೊದಲ ಸಾಲು ಸತ್ತವರದು.

“ಆ ಕುರ್ಚಿ ಖಾಲಿ ಇರಲಿಲ್ಲ,” ಎಂದಳು.

ರಸ್ತೆಯ ತಿರುವಿನವರೆಗೆ ಸರಸರ ನಡೆದೆವು. ಆಮೇಲೆ ಗೌರಿ ನಿಂತಳು. ಮುಖ ಬಿಳಿಚಿತ್ತು.

“ಎರಡು ಹಾಡು ಮುಗಿಯೂತನಕ ಯಾರದರ ಅಜ್ಜನ ತೊಡಿ ಮ್ಯಾಲೆ ಕುಂತಿದ್ವಿ ಲೇ,” ಎಂದಳು. “ಮತ್ತ ಅಜ್ಜಿ ಮ್ಯಾಲೆ ನಿನ್ನ ಚೀಲ.”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಪಕ್ಷಮಾಸದಲ್ಲಿ ಕಾಗೆ ಎಡೆ ಮುಟ್ಟುವವರೆಗೆ ಮನೆಯಲ್ಲಿ ಒಬ್ಬರೂ ಊಟ ಮಾಡದ ಕುಟುಂಬ ಅವರದು. ನಾವು ಹಿರಿಯರಿಗೆ ಅನ್ನ ಇಡುತ್ತೇವೆ, ಇವರು ಹಾಡನ್ನೂ ಕೇಳಿಸುತ್ತಾರೆ, ಇದೇ ಒಳ್ಳೆಯದಲ್ಲವೇ ಎಂದು ನಾನು ಹೇಳಿ ನೋಡಿದೆ. ಅವಳು, ನಾಳೆಯ ಕಾರ್ಯಕ್ರಮಕ್ಕೆ ಏನಾದರೂ ಆದರೆ ನಿನ್ನ ದುಪಟ್ಟಾವೇ ಕಾರಣ ಎಂದಳು; ಹೋಟೆಲಿಗೆ ಬಂದು ಮಲಗಿದಳು.

ಶನಿವಾರ, ಅದೇ ಬೀದಿ

ಮಧ್ಯಾಹ್ನ ಎರಡಕ್ಕೆ ಮಳೆ ಶುರುವಾಯಿತು. ಬಕೆಟ್ ಬೋರಲು ಹಾಕಿದಂಥ ಮಳೆ. ಮೂರೂವರೆಗೆ ಇಬ್ಬರ ಫೋನಿಗೂ ಒಂದೇ ಸಂದೇಶ: ಮೈದಾನದಲ್ಲಿ ನೀರು ನಿಂತಿದೆ, ಕಾರ್ಯಕ್ರಮ ನಡೆಯುವುದೋ ಇಲ್ಲವೋ ಆರು ಗಂಟೆಗೆ ತಿಳಿಸುತ್ತೇವೆ.

ಗೌರಿ ಫೋನನ್ನು ಹಾಸಿಗೆಯ ಮೇಲೆ ಬೋರಲು ಇಟ್ಟು ಚಪ್ಪಲಿ ಹಾಕಿಕೊಂಡಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಮುಂಗಾರು, ಗಾಳಿಯ ದಿಕ್ಕು, ದ್ವೀಪದ ಗುಡ್ಡಗಳು ಎಂದು ಏನೋ ಹೇಳಿದೆ. ಅವಳು ನನಗೆ ಹೋಟೆಲಿನವರ ಕೊಡೆ ಕೊಟ್ಟಳು.

ಬೀದಿಯಲ್ಲಿ ವೇದಿಕೆಗೆ ನೀಲಿ ತಾಡಪತ್ರಿ ಹೊದಿಸಿದ್ದರು. ಹಾಡಿಲ್ಲ, ಜನರಿಲ್ಲ. ನಿನ್ನೆಯ ಬಿಳಿ ಕೂದಲಿನ ಆಂಟಿ ಒಬ್ಬಳೇ ಚಪ್ಪರದಡಿ ಕೂತು, ಸತ್ತವರಿಗಾಗಿ ಸುಡುವ ಬಂಗಾರದ ಬಣ್ಣದ ಕಾಗದಗಳನ್ನು ದೋಣಿಯ ಆಕಾರಕ್ಕೆ ಮಡಚುತ್ತಿದ್ದಳು. ಮಳೆಯ ನಡುವೆಯೂ ಆ ಹನ್ನೆರಡು ಕುರ್ಚಿಗಳನ್ನು ಚಪ್ಪರದೊಳಕ್ಕೆ ತಂದು ಸಾಲಾಗಿಯೇ ಇಟ್ಟಿದ್ದಳು. ಗೌರಿ ನಮ್ಮ ಸಂಕಟ ಹೇಳಿಕೊಂಡಳು. ಏನಾದರೂ ಪೂಜೆ ಮಾಡಿಸಬಹುದೇ, ಯಾರಿಗಾದರೂ ಕಾಣಿಕೆ ಕೊಡಬೇಕೇ ಎಂದು ಕೇಳಿದಳು.

ಆಂಟಿಗೆ ಪೂಜಾರಿಯ ಯೋಚನೆಯೇ ವಿಚಿತ್ರ ಅನ್ನಿಸಿತು. ಯಾರ ಕಾಲು ತುಳಿದರೆ ಅವರಿಗೇ ತಾನೇ ಸಾರಿ ಹೇಳುವುದು ಎಂದಳು. ನಮ್ಮಿಬ್ಬರ ಕೈಗೂ ಮೂರು ಮೂರು ಊದುಬತ್ತಿ ಕೊಟ್ಟಳು. ನಿಂತು, ಹೆಸರು ಹೇಳಿ, ಊರು ಹೇಳಿ, ತಪ್ಪು ಹೇಳಿ. ಗಟ್ಟಿಯಾಗಿ. ಮನಸ್ಸಿನಲ್ಲಿ ಹೇಳಿದರೆ ಅವರಿಗೆ ತಲುಪುವುದಿಲ್ಲ. ಯಾವ ಭಾಷೆಯಲ್ಲಿ ಎಂದು ನಾನು ಕೇಳಿದೆ.

“ನಿನ್ನದರಲ್ಲಿ. ಅವರಿಗೆ ಎಲ್ಲವೂ ತಿಳಿಯುತ್ತದೆ. ಸತ್ತ ಮೇಲೆ ಕಲಿಯಲು ಸಮಯ ಬಹಳ.”

ಗೌರಿ ನನ್ನನ್ನು ಮೊಣಕೈಯಿಂದ ಮುಂದಕ್ಕೆ ತಳ್ಳಿದಳು. “ಹಾಕಿದಾಕಿ ನೀನು. ನೀನ ಹೇಳು.”

ನಾನು ದೇವಸ್ಥಾನದಲ್ಲೂ ಗಟ್ಟಿಯಾಗಿ ಏನೂ ಬೇಡಿಕೊಂಡವಳಲ್ಲ. ಹನ್ನೆರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಮುಂದೆ ನಿಂತು, “ನಾನು ಮೇಧಾ. ಹೈದರಾಬಾದಿನಾಕಿ. ನಿನ್ನೆ ನಿಮ್ಮ ಕುರ್ಚಿ ಮ್ಯಾಲೆ ದುಪಟ್ಟಾ ಹಾಕಿದ್ದು ನಾನು. ತಪ್ಪಾತು,” ಎಂದೆ.

ಮಳೆ ತಾಡಪತ್ರಿಯ ಮೇಲೆ ಬೀಳುತ್ತಿತ್ತು. ಆಂಟಿ ಕಾಗದ ಮಡಚುವುದು ನಿಲ್ಲಿಸಿ, ಇಷ್ಟೇನಾ ಎಂದಳು. ಅವಳಿಗೆ ಭಾಷೆ ತಿಳಿಯದಿದ್ದರೂ ಉದ್ದ ತಿಳಿದಿತ್ತು. ಇಷ್ಟು ಸಣ್ಣದು ಸಾಲದು, ಯಾಕೆ ಮಾಡಿದೆ ಎಂಬುದನ್ನೂ ಹೇಳು; ಅವರಿಗೆ ಅದೇ ಬೇಕಾದದ್ದು ಎಂದಳು.

ಯಾಕೆ ಮಾಡಿದೆ ಎಂಬುದಕ್ಕೆ ಬಸ್ಸಿನ ಕಾರಣ ಹೇಳಿದೆ. ಖಾಲಿ ಕಂಡರೆ ಹಿಡಿಯುವುದು ರೂಢಿಯಾಗಿಬಿಟ್ಟಿದೆ ಎಂದೆ. ಅಲ್ಲಿಗೆ ಮುಗಿಸಬಹುದಿತ್ತು. ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ, ಆಂಟಿ ನೋಡುತ್ತಿದ್ದಳು, ಗೌರಿ ನನ್ನ ಎಡಕ್ಕೆ ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ನಾನು ಕುರ್ಚಿಗಳನ್ನೇ ನೋಡುತ್ತ ಮುಂದುವರಿಸಿದೆ.

“ಹೋದ ವರ್ಷ ದವಾಖಾನ್ಯಾಗೂ ಹಿಡಿದಿದ್ದೆ. ಅಪ್ಪನ ಆಪರೇಷನ್ ಆದಾಗ ಐದು ದಿನ ಐ.ಸಿ.ಯು. ಹೊರಗ ಕುಂತಿದ್ದೆ. ಬಾಜೂ ಕುರ್ಚಿ ಮ್ಯಾಲೆ ಚೀಲ ಇಟ್ಟಿದ್ದೆ. ಯಾರರ ಬಂದು ಕುಂತು ಏನಾಗೇತ್ರಿ ಅಂತ ಕೇಳಿದ್ರ ಹೇಳಬೇಕಾಗ್ತದ. ಹೇಳಿದ್ರ ಖರೇ ಆಗ್ತದ ಅಂತ ಅನಿಸ್ತಿತ್ತು. ಯಾರೂ ಬರಬಾರದು ಅಂತ ಇಟ್ಟಿದ್ದೆ.”

ಇನ್ನೊಂದು ವಾಕ್ಯ ಉಳಿದಿತ್ತು. ಹನ್ನೊಂದು ತಿಂಗಳು ಬರೆದು ಅಳಿಸಿದ್ದು ಅದನ್ನೇ.

“ಬಂದ್ರ ಗೌರಿ ಬರಲಿ ಅಂತನೂ ಇಟ್ಟಿದ್ದೆ. ಆಕಿಗೆ ಹೇಳಲೇ ಇಲ್ಲ. ತಪ್ಪು ನಂದು.”

ತಿರುಗಿ ನೋಡಲು ಧೈರ್ಯವಾಗಲಿಲ್ಲ. ಆಂಟಿಗೆ ಈ ಸಲದ ಉದ್ದ ಹಿಡಿಸಿತು; ಮುಗಿಯಿತೇ ಎಂದು ಕೇಳಿದಳು.

“ಇನ್ನೂ ಮುಗಿದಿಲ್ಲ ತಡೀರಿ,” ಎಂದಳು ಗೌರಿ, ಕನ್ನಡದಲ್ಲಿ, ಆ ಚೀನೀ ಮುದುಕಿಗೆ. ಆಮೇಲೆ ನನ್ನ ಮುಂದೆ ಬಂದು ನಿಂತಳು. ಮೂಗು ಕೆಂಪಾಗಿತ್ತು.

“ನಾ ಇನ್ನೂ ಸಿಟ್ಟಿನ್ಯಾಗ ಅದೀನಿ. ಅದು ಹೋಗಿಲ್ಲ, ತಿಳೀತಿಲ್ಲೋ?”

ತಿಳಿಯಿತು ಎಂದೆ.

“ಆಪರೇಷನ್ ಎಷ್ಟು ತಾಸು ನಡೀತು?”

ಐದೂವರೆ ತಾಸು ಎಂದೆ. ಅವಳು ಊದುಬತ್ತಿಗಳನ್ನು ಮರಳಿನ ಡಬ್ಬಿಯಲ್ಲಿ ಚುಚ್ಚಿ, ಕುರ್ಚಿಗಳಿಗೆ ಕೈ ಮುಗಿದು, ನನ್ನ ಕೊಡೆಯೊಳಗೆ ಬಂದಳು. ಹೋಟೆಲಿನವರೆಗೆ ಒಂದೊಂದಾಗಿ ಕೇಳಿದಳು. ಹಗಲು ಊಟ ಎಲ್ಲಿಂದ ಬರುತ್ತಿತ್ತು? ಅವ್ವ ಏನಾದರೂ ತಿನ್ನುತ್ತಿದ್ದರೇ? ರಕ್ತ ಯಾರು ಕೊಟ್ಟರು? ಅಪ್ಪನಿಗೆ ಎಚ್ಚರವಾದಾಗ ಮೊದಲು ಏನೆಂದರು? ಕಳೆದ ವರ್ಷ ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ನಾನು ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಎಚ್ಚರವಾದಾಗ ಅಪ್ಪ, ಇವತ್ತು ಜಲಾಶಯದ ಮಟ್ಟ ಎಷ್ಟು ಎಂದು ಕೇಳಿದ್ದರು ಎಂದಾಗ ಅವಳು ನಡುರಸ್ತೆಯಲ್ಲಿ ನಿಂತು ನಕ್ಕಳು, ಆಮೇಲೆ ಅತ್ತಳು, ಮೂಗು ಒರೆಸಲು ನನ್ನ ದುಪಟ್ಟಾ ತೆಗೆದುಕೊಂಡಳು.

ಶನಿವಾರ, ಮೈದಾನ

ಆರಕ್ಕೆ ಸಂದೇಶ ಬಂತು: ಕಾರ್ಯಕ್ರಮ ನಡೆಯುತ್ತದೆ, ಚಪ್ಪಲಿ ಹಾಳಾದರೆ ನಾವು ಹೊಣೆಯಲ್ಲ. ಮಳೆ ನಿಂತಿರಲಿಲ್ಲ, ಸಣ್ಣದಾಗಿತ್ತು. ಗೌರಿ ಇದನ್ನು ಹಿರಿಯರ ಖಾತೆಗೆ ಹಾಕಿದಳು, ನಾನು ವಾದಿಸಲಿಲ್ಲ.

ಮೈದಾನದ ಬಾಗಿಲಲ್ಲಿ ಎಲ್ಲರಿಗೂ ತೆಳು ಪ್ಲಾಸ್ಟಿಕ್ಕಿನ ಮಳೆಯಂಗಿ ಹಂಚಿದರು. ಸಾವಿರಾರು ಜನ ಡ್ರೈಕ್ಲೀನಿಂಗಿನಿಂದ ಬಂದ ಬಟ್ಟೆಗಳ ಹಾಗೆ ಕಾಣುತ್ತಿದ್ದೆವು. ಕೆಸರು ಪಾದ ಮುಳುಗುವಷ್ಟು. ನಮ್ಮ ಸಭೆಗಳಲ್ಲಿ ಸಾಲು ಎಂದರೆ ಒಂದು ಸಲಹೆ ಮಾತ್ರ; ಇಲ್ಲಿ ಆ ಕೆಸರಿನಲ್ಲೂ ಜನ ನೆಟ್ಟಗೆ ಸಾಲು ನಿಂತು, ಕಾಲು ತಾಗಿದರೆ ಇಬ್ಬರೂ ಕ್ಷಮೆ ಕೇಳುತ್ತಿದ್ದರು. ನನ್ನ ಚಪ್ಪಲಿಯ ಬಾರು ಮೊದಲ ಐದು ನಿಮಿಷದಲ್ಲೇ ಕಿತ್ತಿತು. ಎರಡನ್ನೂ ಕೈಯಲ್ಲಿ ಹಿಡಿದೆ.

ವೇದಿಕೆ ಒದ್ದೆಯಾಗಿತ್ತು, ಗಾಯಕಿಯೂ ಬರಿಗಾಲಲ್ಲೇ ಬಂದಳು. ಇಯರ್‌ಫೋನಿನಲ್ಲಿ ನಾನು ಎತ್ತರದ, ಗಂಭೀರ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಬಂದವಳು ಗಿಡ್ಡಗೆ, ದುಂಡಗೆ, ತಲೆಗೆ ಹಸಿರು ವಸ್ತ್ರ ಸುತ್ತಿಕೊಂಡು, ತರಕಾರಿ ತರಲು ಹೊರಟಷ್ಟು ಸಹಜವಾಗಿದ್ದಳು. ಮೈಕಿನ ಮುಂದೆ ನಿಂತು ಬಾಯಿ ತೆರೆದಳು. ನನ್ನ ಪಕ್ಕೆಲುಬುಗಳವರೆಗೆ ಆ ದನಿ ಬಂತು. ಬಸ್ಸಿನಲ್ಲಿ ಅರ್ಧ ಕಿವಿಗೆ ಮಾತ್ರ ಕೇಳುತ್ತಿದ್ದದ್ದು ಈಗ ಎರಡೂ ಕಿವಿಗೆ, ಹೊಟ್ಟೆಗೆ, ಕೈಯಲ್ಲಿದ್ದ ಚಪ್ಪಲಿಗೆ ಕೇಳುತ್ತಿತ್ತು. ಸುತ್ತಲಿನವರೆಲ್ಲ ಜೊತೆಗೆ ಹಾಡುತ್ತಿದ್ದರು. ನಾವು ತಪ್ಪು ಪದಗಳನ್ನೇ ಪೂರ್ತಿ ಗಂಟಲಿನಿಂದ ಹಾಡಿದೆವು. ಮುಂದೆ ನಿಂತಿದ್ದ ಹುಡುಗಿ ತಿರುಗಿ ನೋಡಿದಳು. ತಿದ್ದಲು ಹೋಗದೆ ನಕ್ಕಳು. ನಾನು ಕುಣಿದೆ. ನಾನು ಕುಣಿದೆ ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ, ಆದರೂ ಬರೆದಿದ್ದೇನೆ.

ನಾವು ಆರು ವರ್ಷ ಕಾದಿದ್ದ ಹಾಡು ಕೊನೆಗೆ ಬಂತು. ಮೊದಲ ಸಾಲಿಗೇ ಮೈದಾನವೆಲ್ಲ ಕೂಗಿತು. ಗೌರಿ ನನ್ನ ತೋಳು ಹಿಡಿದು ಹತ್ತಿರ ಎಳೆದಳು. ಅಳುತ್ತಾಳೆ ಅಂದುಕೊಂಡೆ. ಅವಳು ಬಾಯಿಯನ್ನು ನನ್ನ ಕಿವಿಗೆ ತಂದು, ಡ್ರಮ್ಮಿಗಿಂತ ಜೋರಾಗಿ ಕೇಳಿದಳು:

“ಅಪ್ಪಾಜಿ ಎಣ್ಣಿಗಾಯಿ ಬಿಟ್ಟಾರೇನು?”

ಅಪ್ಪನಿಗೆ ಎಣ್ಣೆ ಬದನೆಕಾಯಿ ಎಂದರೆ ಪ್ರಾಣ. ಡಾಕ್ಟರು ನಿಲ್ಲಿಸಲು ಹೇಳಿದ್ದರು. ನಿಂತಿದೆಯೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಪ್ರತಿ ಎರಡನೆಯ ಶನಿವಾರ ವಾಕಿಂಗ್ ಹೆಸರಿನಲ್ಲಿ ಅವರು ಯಾವ ಖಾನಾವಳಿಗೆ ಹೋಗುತ್ತಾರೆಂದು ಒಂದು ದಿನ ಕಣ್ಣಾರೆ ನೋಡಿದವಳು ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ.

“ಬಿಟ್ಟಿಲ್ಲ,” ಎಂದೆ. ಅವಳಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗಲೂ ಕೇಳಲಿಲ್ಲ.

ಎರಡೂ ಚಪ್ಪಲಿಗಳನ್ನು ಬಾಯಿಯ ಸುತ್ತ ಕಹಳೆಯಂತೆ ಹಿಡಿದು, ಇಪ್ಪತ್ತೇಳು ವರ್ಷದಲ್ಲಿ ಎಂದೂ ಏರಿಸದಷ್ಟು ದನಿ ಏರಿಸಿ ಕೂಗಿದೆ: “ಕದ್ದು ತಿಂತಾರ! ಅವ್ವಗ ಗೊತ್ತಿಲ್ಲ!”

ಸುತ್ತಲಿನ ಹತ್ತಾರು ಮಳೆಯಂಗಿಗಳು ನಮ್ಮ ಕಡೆ ತಿರುಗಿದವು. ಗೌರಿ ಕೆಸರಿನಲ್ಲೇ ಕುಸಿದು ಕೂತು ನಗುತ್ತಿದ್ದಳು. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೂ ಆ ಹೊತ್ತಿಗೆ ಹೇಳಿಬಿಡುತ್ತಿದ್ದೆ.